ಕಾಟಾದ ಮೇಲಿನ ಕಾರು

ಆರು ತಾಸಿನ ರೇಸಿಗೆಂದು ನಾನೂ ಗೆಳೆಯ ಕಲ್ಮೇಶನೂ ಗುಜರಿಯಿಂದ ಹಳೆಯ ಕಾರು ತಂದೆವು. ಹಗುರಾಗಲೆಂದು ಹಿಂದಿನ ಸೀಟು, ಗಾಜು ಎಲ್ಲ ಕಿತ್ತೆವು. ರಣಗುಡುವ ಬಿಸಿಲಿನಲ್ಲಿ ಕಲ್ಮೇಶನೇ ಓಡಿಸಿ, ತಾಳಿಕೋಟೆಯಲ್ಲಿ ಲಾರಿ ತೂಗುವ ಕಾಟಾಕ್ಕೆ ಹತ್ತಿಸಿದ.

“ಸ್ಟೇರಿಂಗ್ ಐಸಿನಂಗ ತಣ್ಣಗೈತಲೇ,” ಎಂದು ಕೈ ಉಜ್ಜುತ್ತ ಇಳಿದು ಕಾಟಾದಾಚೆ ಬಂದ. ಕಾಟಾದ ಅಂಕಿ ಇಳಿಯಲಿಲ್ಲ.

ಕಾಟಾ ನೋಡಿಕೊಳ್ಳುವ ಶ್ರೀಶೈಲಪ್ಪ ಕಾರನ್ನು ಆಚೆ ತಳ್ಳಿಸಿ ಕಾಟಾದ ಮೇಲೆ ತಾನೇ ನಿಂತ: ಎಪ್ಪತ್ತು ಕಿಲೋ. ಕಲ್ಮೇಶ ನಿಂತ: ಸೊನ್ನೆ.

“ಇನ್ನ ಈ ಗಾಡಿ ಮುಟ್ಟಬ್ಯಾಡ್ರಿ,” ಎಂದ ಶ್ರೀಶೈಲಪ್ಪ.

“ನಿಮ್ಮ ಕಾಟಾ ಕೆಟ್ಟೈತ್ರಿ,” ಎಂದು ನಕ್ಕು, ನಾನೇ ಕಲ್ಮೇಶನನ್ನು ಮತ್ತೆ ಕಾರಿನಲ್ಲಿ ಕೂರಿಸಿದೆ.

ಎಂಟು ದಿನಕ್ಕೆ ಅವನು ಊಟಕ್ಕೆ ಕೂತಲ್ಲೇ ತೀರಿಕೊಂಡ. ಹೆಣ ಹೊತ್ತ ನಾಲ್ವರಿಗೂ ಭಾರವೇ ಅನ್ನಿಸಲಿಲ್ಲ.

ಕಾರು ಈಗ ನಮ್ಮೂರು ಮಸೂತಿಯಲ್ಲಿ ನನ್ನ ಹಿತ್ತಲಲ್ಲಿದೆ, ಡ್ರೈವರ್ ಬದಿಗೆ ಕುಗ್ಗಿಕೊಂಡು. ಅವನ ತಾಯಿ ರುಕ್ಮವ್ವ ದಿನಾ ಬಂದು ಬಾಗಿಲು ತೆರೆದು, “ಸಾಕು, ಇಳಿಯಪಾ,” ಎನ್ನುತ್ತಾಳೆ.

ಕಾರು ಇನ್ನೂ ಮೇಲೆದ್ದಿಲ್ಲ.