ಕಲ್ಲುಮಂಟಿಯಿಂದ ಬಂದ ಪತ್ರ

1982ರ ಸೆಪ್ಟೆಂಬರ್ 10, ಶುಕ್ರವಾರ. ಬೆಳಿಗ್ಗೆ ಏಳೂವರೆಗೆ ಕಲ್ಲುಮಂಟಿ ಪಂಚಾಯ್ತಿ ಛೇರ್ಮನ್ ಷಡಕ್ಷರಪ್ಪ ಹಳೇಬೀಡು ಠಾಣೆಗೆ ಬಂದು, ಹಿಂದಿನ ಮಧ್ಯಾಹ್ನದಿಂದ ಪಂಚಾಯ್ತಿ ರೇಡಿಯೋ ಕಾಣುತ್ತಿಲ್ಲವೆಂದು ದೂರು ಕೊಟ್ಟರು. ಸಬ್ ಇನ್ಸ್‌ಪೆಕ್ಟರ್ ಅಜಿತಪ್ರಸಾದ ಎಫ್‌ಐಆರ್ ದಾಖಲಿಸಿದರು.

ಎಂಟೂವರೆಗೆ ಸ್ಥಳದ ಪಂಚನಾಮೆ ನಡೆಯಿತು. ಪಂಚಾಯ್ತಿ ಕಚೇರಿಯ ಬೀಗ ಒಡೆದಿರಲಿಲ್ಲ. ಅಜಿತಪ್ರಸಾದರು ಷಡಕ್ಷರಪ್ಪನವರನ್ನು ಕೇಳಿದರು.

"ಕೀ ಎಲ್ಲಿಡ್ತೀರಿ?"

"ಬಾಗ್ಲು ಮೇಲೆ."

"ಯಾರಿಗೆ ಗೊತ್ತು?"

"ಊರಿಗೇ ಗೊತ್ತು ಸಾರ್."

ಕಾನ್‌ಸ್ಟೇಬಲ್ ಹನುಮಯ್ಯ ಅಂಚೆ ಕಚೇರಿಯಲ್ಲಿ, ರೇಡಿಯೋ ಇಟ್ಟುಕೊಳ್ಳಲು ಆಗ ಬೇಕಿದ್ದ ಲೈಸೆನ್ಸಿನ ಪುಸ್ತಕ ನೋಡಿ ಬಂದ. ಇಡೀ ಕಲ್ಲುಮಂಟಿಗೆ ಇದ್ದದ್ದು ಒಂದೇ ಲೈಸೆನ್ಸ್, ಪಂಚಾಯ್ತಿಯದು. ಹಗರೆ, ಅರಸೀಕೆರೆಯ ರಿಪೇರಿ ಅಂಗಡಿಗಳಲ್ಲೂ ಸುಳಿವಿಲ್ಲ.

23ನೇ ತಾರೀಕು, ಗುರುವಾರ ಸಂಜೆ. ಠಾಣೆಯ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಬರುತ್ತಿತ್ತು. ಅದನ್ನು ನಡೆಸುವ ಹೆಣ್ಣು ದನಿ ಕೇಳುಗರ ಪ್ರತಿ ಪತ್ರವನ್ನೂ ಮನೆಯವರ ಪತ್ರದಂತೆ ಓದುತ್ತಿತ್ತು. ಅಜಿತಪ್ರಸಾದರು ಎಷ್ಟೇ ಕೆಲಸವಿದ್ದರೂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು.

"ಕಲ್ಲುಮಂಟಿಯ ಕೆಂಪಲಕ್ಷ್ಮಮ್ಮನವರು ಬರೆದಿದ್ದಾರೆ. ನೀವು ಒಂಬತ್ತನೇ ತಾರೀಕು ಹೇಳಿದ ಔಷಧಿ ಹೊಡೆದೆ. ಭತ್ತದ ಬೆಂಕಿ ರೋಗ ನಿಂತಿದೆ. ಅಳತೆಯನ್ನು ಎರಡು ಸಲ ನಿಧಾನವಾಗಿ ಹೇಳಿದ್ದರಿಂದ ಬರೆದುಕೊಂಡೆ. ನಿಮ್ಮ ಉಪಕಾರ ಮರೆಯುವುದಿಲ್ಲ."

ಹನುಮಯ್ಯ ತಲೆಯೆತ್ತಿದ. "ಸಾರ್, ಒಂಬತ್ತನೇ ತಾರೀಕು ಸಂಜೆ ಆ ಊರಾಗೆ ರೇಡಿಯೋನೇ ಇರ್ಲಿಲ್ಲ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರಿಬ್ಬರೂ ಷಡಕ್ಷರಪ್ಪನವರನ್ನು ಕರೆದುಕೊಂಡು ಕೆಂಪಲಕ್ಷ್ಮಮ್ಮನ ಬಾಗಿಲಲ್ಲಿದ್ದರು. ನಲವತ್ತರ ವಿಧವೆ. ಪೊಲೀಸರನ್ನು ಕಂಡು ಕೊಟ್ಟಿಗೆಯಿಂದ ಕೈ ತೊಳೆದು ಬಂದಳು.

"ರೇಡಿಯೋ ಎಲ್ಲಿದೆಯಮ್ಮ?"

"ರಾಗಿ ವಾಡೇಲೈತೆ ಸೋಮಿ."

"ಯಾಕೆ ತಗೊಂಡೆ?"

"ಗದ್ದೆಗೆ ರೋಗ ಬಂದೈತೆ ಅಂತ ಕಾಗ್ದ ಬರ್ದಿದ್ದೆ. ಒಂಬತ್ತನೇ ತಾರೀಕು ಉತ್ರ ಹೇಳ್ತೀವಿ ಅಂತ ಕಾರ್ಡು ಹಾಕಿದ್ರು. ಆ ಹೊತ್ಗೆ ಪಂಚಾಯ್ತೀಲಿ ಗಂಡಸ್ರು ಸಿನಿಮಾ ಹಾಡಿಗೆ ತಿರುಗಿಸ್ಬಿಡ್ತಾರೆ. ಇರಾದು ಅರ್ಧ ಎಕರೆ, ವರ್ಷದ ಅನ್ನ ಅದೇಯ."

"ಕೇಳಬೇಕಿತ್ತು."

"ಕೇಳ್ದೆ. ನಿನ್ ಕಾಗ್ದ ಓದ್ತಾರೇನಮ್ಮಿ, ಹೋಗಿ ಎಮ್ಮೆಗೆ ಬರಿ ಅಂದ್ರು."

ಷಡಕ್ಷರಪ್ಪ ಕೆಮ್ಮಿದರು.

"ವಾಪಸ್ ಇಡಬಹುದಿತ್ತಲ್ಲ?"

"ಮಾರ್ನೆ ದಿನ ಹೊತ್ತಾರೆ ಇಡಾಕೆ ಹೋದೆ. ನೀವು ನಿಂತಿದ್ರಿ."

"ಸಿಕ್ಕಿಬೀಳ್ತೀನಿ ಅಂತ ಹೊಳೀಲಿಲ್ವಾ, ಪತ್ರ ಬರೆಯುವಾಗ?"

"ಹೊಳೀತು. ಗದ್ದೆ ಉಳ್ಸಿದೋರಿಗೆ ಒಂದು ಮಾತು ಹೇಳ್ದೆ ಇರಾದೆಂಗೆ?"

ಕಾಳು ತುಂಬಿಡುವ ಮಣ್ಣಿನ ವಾಡೆಯಿಂದ ರೇಡಿಯೋ ತೆಗೆದು ಪಂಚರ ಮುಂದೆ ವಶಪಡಿಸಿಕೊಂಡರು. ಮುಳ್ಳು ಅದೇ ನಿಲಯದ ಮೇಲಿತ್ತು. ಜೊತೆಗೊಂದು ನೋಟ್ ಬುಕ್ ಸಿಕ್ಕಿತು. ನಾಲ್ಕನೇ ಕ್ಲಾಸಿನ ದುಂಡು ಅಕ್ಷರದಲ್ಲಿ ಔಷಧಿಯ ಹೆಸರು, ನೀರಿನ ಅಳತೆ. ಕೆಳಗೆ, ಅವಳು ಔಷಧಿ ಹೇಳಿಕೊಟ್ಟ ಹನ್ನೊಂದು ಮನೆಗಳ ಹೆಸರು. ಹನುಮಯ್ಯ ಗಟ್ಟಿಯಾಗಿ ಓದಿದ. ಮೊದಲನೆಯದು ಷಡಕ್ಷರಪ್ಪನವರದು.

"ಯಾರಮ್ಮಿ ಹೇಳಿದ್ದು ಅಂದಾಗ, ತಿಳಿದೋರು ಅಂದೆಯಲ್ಲ," ಎಂದರು ಅವರು ಮೆಲ್ಲಗೆ.

"ತಿಳಿದೋರೇ ಅಲ್ವಾ ಗೌಡ್ರೆ?"

ಹತ್ತೂಕಾಲಿಗೆ ಆಕೆಯನ್ನು ದಸ್ತಗಿರಿ ಮಾಡಲಾಯಿತು. ಎಮ್ಮೆಗೆ ಹುಲ್ಲು ಹಾಕುವಂತೆ ಪಕ್ಕದ ಮನೆಯ ಗುರುಸಿದ್ದಮ್ಮನಿಗೆ ಹೇಳಿ ಆಕೆ ಜೀಪು ಹತ್ತಿದಳು. ವರದಿಯಲ್ಲಿ ಕಳವಿನ ಕಾರಣದ ಜಾಗದಲ್ಲಿ ಏನು ಬರೆಯಲೆಂದು ಹನುಮಯ್ಯ ಕೇಳಿದಾಗ ಅಜಿತಪ್ರಸಾದರು, "ಉತ್ತರ ಕೇಳುವ ಸಲುವಾಗಿ" ಎಂದು ಬರೆಸಿದರು.

ಅದೇ ಮಧ್ಯಾಹ್ನ ಬೇಲೂರು ಕೋರ್ಟಿನಲ್ಲಿ ಅವಳ ಜಾಮೀನಿಗೆ ಸಹಿ ಹಾಕಿದವರು ಷಡಕ್ಷರಪ್ಪ.