ಸಭೆಯಿಂದ ಎದ್ದು ಹೋದವನು

"ಯಾವ ಮುಖ ಇಟ್ಕೊಂಡು ಇಲ್ಲಿಗೆ ಬಂದ್ರಿ?"

ಬಾಗಿಲಿಗೆ ಅಡ್ಡ ನಿಂತೇ ಅವಳು ಕೇಳಿದಳು. ಕೈಯಲ್ಲಿ ಯಾರದೋ ಬಾಯಿ ಒರೆಸಿದ ಟವೆಲ್ಲು. ಕಣ್ಣಲ್ಲಿ ಬೆಳಗಿನಿಂದ ತಡೆದಿಟ್ಟ ನೀರು.

ಎದುರಿಗಿದ್ದವನು ಫೌಂಡೇಶನ್ನಿನ ಅಧಿಕಾರಿ. ಮರೆವಿನ ಕಾಯಿಲೆಯ ಹಿರಿಯರನ್ನು ಹಗಲು ಹೊತ್ತು ನೋಡಿಕೊಳ್ಳುವ ಅವಳ ಪುಟ್ಟ ಕೇಂದ್ರಕ್ಕೆ ಮೂರು ವರ್ಷ ಅನುದಾನ ಕೊಡಿಸಿದವನು. ಈ ವರ್ಷ ಮಾತ್ರ ಅರ್ಜಿ ಹೋದ ಮರುದಿನವೇ ಅದನ್ನು ಇನ್ನೊಬ್ಬರ ಕೈಗೆ ದಾಟಿಸಿ ಮಾಯವಾಗಿದ್ದ. ಎಷ್ಟು ಸಲ ಫೋನು ಮಾಡಿದರೂ ಎತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಅನುದಾನ ಇಲ್ಲವೆಂಬ ಪತ್ರ ಬಂದಿತ್ತು.

"ಅಕ್ಕ, ಬೈಯೋದಿದ್ರೆ ಒಳಗೆ ಕೂರಿಸಿ ಬೈಯಿರಿ. ಫ್ಯಾನಾದ್ರೂ ಇದೆ," ಎಂದ ವ್ಯಾನು ಒರೆಸುತ್ತಿದ್ದ ಡ್ರೈವರ್.

"ನೀನು ಸುಮ್ನಿರಣ್ಣ! ನಿನ್ನ ಸಂಬಳಕ್ಕೇ ಕತ್ತರಿ ಬಿದ್ದಿದೆ ಇವತ್ತು."

ಒಳಗೆ ಕಿಟಕಿಯ ಪಕ್ಕ ಟೀಚರಮ್ಮ ಕೂತಿದ್ದರು. ಊರಿನ ಅರ್ಧ ಮಕ್ಕಳಿಗೆ ಪಾಠ ಹೇಳಿದವರು. ಈಗ ಸ್ವಂತ ಮಗನ ಹೆಸರೂ ನೆನಪಿಲ್ಲ. ಈ ಅಧಿಕಾರಿ ಬಂದಾಗಲೆಲ್ಲ ಕೇಳುತ್ತಿದ್ದರು, 'ಯಾವ ಕ್ಲಾಸು ನೀನು?' 'ಏಳನೇ ಕ್ಲಾಸು, ಟೀಚರ್.' ಮತ್ತೆ ಮತ್ತೆ ಅದೇ ಪ್ರಶ್ನೆ ಬಂದರೂ ಆಗಷ್ಟೇ ಕೇಳಿಸಿಕೊಂಡವನಂತೆ ಉತ್ತರಿಸುತ್ತಿದ್ದ.

ಅವಳ ಮನಸ್ಸು ಅವನತ್ತ ಜಾರಿದ್ದು ಅಲ್ಲೇ. ಜಾರಿದ್ದಕ್ಕೆ ಈಗ ತನ್ನ ಮೇಲೇ ಸಿಟ್ಟು!

"ವ್ಯಾನು, ಡೀಸೆಲ್ಲು, ಡ್ರೈವರ್ ಸಂಬಳ... ಇದ್ರಲ್ಲಿ ಹೊಸದೇನಿದೆ ಅಂತ ಕೇಳಿದ್ರಂತೆ ನಿಮ್ಮ ಸಭೆಯಲ್ಲಿ! ವ್ಯಾನು ನಿಂತ್ರೆ ಇವರನ್ನೆಲ್ಲ ಮನೆಯಲ್ಲಿ ಕೂಡಿಹಾಕಿ, ಹೊರಗಿಂದ ಬೀಗ ಹಾಕ್ಕೊಂಡು ಮಗ-ಸೊಸೆ ಕೆಲಸಕ್ಕೆ ಹೋಗ್ತಾರೆ. ಇನ್ನೇನು ಮಾಡ್ತಾರೆ ಪಾಪ? ಆ ಬೀಗ ಹೊಸದಾ, ಹಳೇದಾ ಅಂತ ಯಾಕೆ ಯಾರೂ ಕೇಳಲಿಲ್ಲ? ನಮ್ಮ ಪರವಾಗಿ ಒಂದು ಮಾತು ಆಡೋಕೆ ನಿಮಗೆ ಬಾಯಿರಲಿಲ್ವಾ?"

ಅವನ ಮುಖ ಬಿಳಿಚಿಕೊಂಡಿತು.

"ಸಿಗಲಿಲ್ವಾ...?"

"ಏನು ನಾಟಕ ಇದು?"

"ದೇವರಾಣೆ ಗೊತ್ತಿಲ್ಲ. ನಿಮ್ಮ ಅರ್ಜಿ ಚರ್ಚೆಗೆ ಬಂದಾಗ ನಾನು ಸಭೆಯಿಂದ ಎದ್ದು ಹೋದೆ. ತೀರ್ಮಾನ ಆಯ್ತು ಅಂತ ಮಾತ್ರ ಹೇಳಿದ್ರು, ಓಡಿ ಬಂದೆ."

"ಎದ್ದು ಹೋದ್ರಾ? ಯಾಕೆ?"

"ನಮ್ಮಲ್ಲೊಂದು ನಿಯಮ. ಅರ್ಜಿ ಹಾಕಿದವರು ನೆಂಟರೋ, ಬೇಕಾದವರೋ ಆಗಿದ್ರೆ ಮೊದಲೇ ಹೇಳಿ ದೂರ ಸರೀಬೇಕು. ತೀರ್ಮಾನ ಆಗೋವರೆಗೆ ಅವರ ಜೊತೆ ಮಾತೂ ಆಡೋ ಹಾಗಿಲ್ಲ."

"ನಾನೇನು ನಿಮ್ಮ ನೆಂಟಳಾ?"

"ಅಲ್ಲ..." ಅವನು ತನ್ನ ಚಪ್ಪಲಿ ನೋಡಿಕೊಂಡ. "ಬೇಕಾದವಳು."

ಟವೆಲ್ಲು ಜಾರಿ ಕೆಳಗೆ ಬಿತ್ತು.

"ನನಗೆ ಹೇಳೋದು ಬಿಟ್ಟು... ಇಡೀ ಆಡಳಿತ ಮಂಡಳಿಗೆ ಹೇಳಿದ್ರಾ?!"

"ಹುಡುಗಿಗೆ ಗೊತ್ತಾ ಅಂತ ಅಧ್ಯಕ್ಷರು ಕೇಳಿದ್ರು. ಇಲ್ಲ ಅಂದೆ. ಎಲ್ಲರೂ ನಕ್ರು."

ಡ್ರೈವರ್ ಬೇಕಂತಲೇ ಕೆಮ್ಮಿದ.

ಅವಳಿಗೂ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. 'ಇವನು ಒಳ್ಳೆಯವನಾಗಿದ್ದೇ ನಮಗೆ ಮುಳುವಾಯಿತಲ್ಲ!'

"ನೀವು ಅಲ್ಲೇ ಕೂತಿದ್ದಿದ್ರೆ ವ್ಯಾನು ಉಳೀತಿತ್ತು," ಎಂದಳು.

"ಉಳೀತಿತ್ತೇನೋ. ಆಮೇಲೆ ಎಂದಾದ್ರೂ ನಾನು ಬಾಯಿ ಬಿಟ್ಟ ದಿನ, 'ಓಹೋ, ಇವಳಿಗೆ ದುಡ್ಡು ಸಿಕ್ಕಿದ್ದು ಹೀಗೆ' ಅಂತಿದ್ರು ಜನ. ನೀವು ಇಷ್ಟು ವರ್ಷ ಪಟ್ಟ ಪಾಡಿಗೆಲ್ಲ ಮಸಿ."

"ಬಾಯಿ ಬಿಡದೇ ಇದ್ದುಬಿಡಬೇಕಿತ್ತು."

"ಇದ್ದು ನೋಡಿದೆ. ಆಗಲಿಲ್ಲ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಪ್ರೀತಿ ಒಂದು ಕಡೆ, ಡೀಸೆಲ್ಲು ಒಂದು ಕಡೆ. ಎರಡನೆಯದು ಈ ತಿಂಗಳ ಕೊನೆಗೆ ಮುಗಿಯುತ್ತದೆ.

"ಈಗ ನನ್ನ ವ್ಯಾನಿಗೆ ಏನು ದಾರಿ, ಅದನ್ನ ಹೇಳಿ."

"ಈಗಾಗಲೇ ನಡೀತಿರೋ ಕೆಲಸಕ್ಕೇ ಅನುದಾನ ಕೊಡೋ ಫೌಂಡೇಶನ್‌ಗಳು ನಮ್ಮ ರಾಜ್ಯದಲ್ಲಿ ಇನ್ನೂ ಎರಡಿವೆ. ಸಿಕ್ಕೇ ಸಿಗುತ್ತೆ ಅಂತ ಮಾತು ಕೊಡಲ್ಲ. ಆದರೆ ಅಲ್ಲಿ ನಾನು ಯಾರೂ ಅಲ್ಲ. ನಿಮ್ಮ ಪಕ್ಕದಲ್ಲೇ ಕೂತು ಅರ್ಜಿ ಬರೀಬಹುದು." ಮತ್ತೆ ಸೇರಿಸಿದ, "ಈ ಸಲ ವ್ಯಾನಿನಿಂದ ಶುರು ಮಾಡೋದು ಬೇಡ. ಆ ಬೀಗದಿಂದ ಶುರು ಮಾಡೋಣ."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಒಳಗೆ ಕಾಲಿಟ್ಟನೋ ಇಲ್ಲವೋ, ಕಿಟಕಿಯ ಕಡೆಯಿಂದ ದನಿ ಬಂತು.

"ಏ ಹುಡುಗ, ಯಾವ ಕ್ಲಾಸು ನೀನು?"

"ಏಳನೇ ಕ್ಲಾಸು, ಟೀಚರ್. ಇನ್ನೂ ಅಲ್ಲೇ ಇದ್ದೀನಿ."

ಟೀಚರಮ್ಮ ಅವಳ ಕಡೆ ತಿರುಗಿದರು. "ಫೇಲಾದ್ನಾ?"

"ಆಗಿದ್ರು, ಟೀಚರ್." ಅವಳು ಅವನನ್ನು ನೋಡಿದಳು... ಈ ಸಲ ಕಣ್ಣು ತಪ್ಪಿಸಲಿಲ್ಲ. "ಇವತ್ತು ಪಾಸು."

"ನಿಜವಾಗ್ಲೂ?" ಎಂದ ಅವನು.

"ಮೊದಲು ಕೂತು ಅರ್ಜಿ ಬರೆಯಿರಿ. ಆಮೇಲೆ ಆ 'ಬೇಕಾದವಳು' ಅನ್ನೋ ಮಾತು ಇನ್ನೊಂದು ಸಲ ಹೇಳಿ..."

"ಯಾರಿಗೆ?"

"ನನಗೆ ರೀ! ಮಂಡಳಿಗಲ್ಲ."