ನೀಲಿ ಶರ್ಟಿನ ಮೇಲಿನ ಬಿಳಿಪುಡಿ

ಮುರಳೀಕೃಷ್ಣನ ಕಡುನೀಲಿ ಶರ್ಟಿನ ಹೆಗಲ ಮೇಲೆ ಬಿಳಿಪುಡಿ ಕಂಡ ದಿನ ಶ್ಯಾಮಲಾಗೆ ಕರುಳು ಚುರುಕ್ ಎಂದಿತು. ಪಾಪ, ಇವರಿಗೂ ಇದೆ!

ಸುಗಟೂರಿನ ಪಂಚಾಯ್ತಿ ಲೈಬ್ರರಿಗೆ ಅವಳು ಮೇಲ್ವಿಚಾರಕಿಯಾಗಿ ಬಂದು ಮೂರು ತಿಂಗಳಾಗಿತ್ತು. ದಿನಾ ಕೋಲಾರದಿಂದ ಬಂದು ಹೋಗುತ್ತಿದ್ದಳು. ಮಧ್ಯಾಹ್ನ ಮೂರು ಹೊಡೆಯುವುದೇ ತಡ, ಊರಿನ ಈ ರೇಷ್ಮೆ ಬೆಳೆಗಾರ ಪೇಪರ್ ಓದಲು ಹಾಜರ್. ಓದುವುದು ಕಡಿಮೆ, ಪೇಪರಿನ ಮೇಲಂಚಿನಿಂದ ಅವಳನ್ನು ನೋಡುವುದು ಜಾಸ್ತಿ. ಅವಳು ತಲೆಯೆತ್ತಿದರೆ ಕಣ್ಣು ಸರಕ್ಕನೆ ಕೆಳಗಿಳಿಯುತ್ತಿತ್ತು. ಒಮ್ಮೆ ಚರಂಡಿ ಕಾಮಗಾರಿಯ ಟೆಂಡರನ್ನು ಅರ್ಧ ಗಂಟೆ ಓದಿದ್ದ, ಪುಣ್ಯಾತ್ಮ.

ಆ ದಿನ ಅವಳೇ ಅವನ ಬೆಂಚಿನ ಹತ್ತಿರ ಹೋದಳು.

"ಎಷ್ಟು ವರ್ಷದಿಂದ ಇದೆ ನಿಮಗೆ?"

"ಏನು ಮೇಡಂ?"

"ನನ್ನ ಹತ್ರ ಮುಚ್ಚಿಡಬೇಡಿ." ಅವಳು ದನಿ ತಗ್ಗಿಸಿದಳು. "ನನಗೂ ಇದೆ. ಸೋರಿಯಾಸಿಸ್. ತಲೇಲಿ."

ಅವನು ತನ್ನ ಹೆಗಲು ನೋಡಿಕೊಂಡ. ಆಮೇಲೆ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ನಾಚಿಕೆ ಇರಬೇಕು ಅಂದುಕೊಂಡ ಶ್ಯಾಮಲಾ ಒಂದು ಚೀಟಿಯಲ್ಲಿ ಬರೆದುಕೊಟ್ಟಳು: ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಅವರು ಹೂಂ ಅಂದರೆ ಟಾರ್ ಶಾಂಪೂ, ವಾರಕ್ಕೆರಡು ಸಲ, ಹಚ್ಚಿ ಐದು ನಿಮಿಷ ಬಿಡಬೇಕು. ಉಗುರಿಂದ ಕೆರೆಯಬಾರದು.

"ಕೆರೆಯಲ್ಲ ಮೇಡಂ," ಅಂದ ಅವನು, ಬಹಳ ವಿಧೇಯನಾಗಿ.

ಅಲ್ಲಿಂದ ಮೂರು ಗಂಟೆ ಅನ್ನುವುದು ಶ್ಯಾಮಲಾಗೆ ಇಡೀ ದಿನದ ಆಸೆಯಾಯಿತು. ಆರು ವರ್ಷ ಯಾರಿಗೂ ಹೇಳದ್ದನ್ನೆಲ್ಲ ಅವನಿಗೆ ಹೇಳಿದಳು. ತಿಂಗಳಿಗೆ ಬೆಳೆಯಬೇಕಾದ ಚರ್ಮ ವಾರದೊಳಗೆ ಬೆಳೆದು ಪದರಪದರವಾಗಿ ಏಳುತ್ತದೆ. ಮಲಗುವಾಗ ಎಣ್ಣೆ ಹಚ್ಚಿ ನೆನೆಸಬೇಕು, ಬೆಳಿಗ್ಗೆ ತೊಳೆದು ಲೋಷನ್ ಹಾಕಬೇಕು. ತಿಂಗಳುಗಟ್ಟಲೆ ಸುಮ್ಮನಿದ್ದು, ಮನಸ್ಸಿಗೆ ಬೇಜಾರಾದ ವಾರವೇ ಮತ್ತೆ ಕೆರಳುತ್ತದೆ. ಕಪ್ಪು, ನೀಲಿ ಬಟ್ಟೆಯ ಆಸೆ ಬಿಟ್ಟೇಬಿಟ್ಟಿದ್ದಾಳೆ. ಅಂಟುವ ಕಾಯಿಲೆಯಲ್ಲ ಎಂದು ಡಾಕ್ಟರೇ ಹೇಳಿದರೂ ಅತ್ತಿಗೆ ಬಾಚಣಿಗೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಮುಳಬಾಗಿಲಿನ ಸಂಬಂಧವೊಂದು ಇನ್ನೇನು ಕೂಡಿತು ಅನ್ನುವಾಗ ಅಮ್ಮ ಮುಚ್ಚುಮರೆಯಿಲ್ಲದೆ ವಿಷಯ ತಿಳಿಸಿದಳು. ಆ ಕಡೆಯಿಂದ ಮತ್ತೆ ಫೋನೇ ಬರಲಿಲ್ಲ. ಅವತ್ತೇ ಅವಳು ತೀರ್ಮಾನಿಸಿದ್ದಳು, ಇನ್ನು ಹೊರಗಿನವರ ಕಿವಿಗೆ ಇದು ಬೀಳಬಾರದೆಂದು.

ಇವನು ಹೊರಗಿನವನಲ್ಲವಲ್ಲ.

"ನಮ್ಮ ಹುಳಾನೂ ನಾಲ್ಕು ಸಲ ಪೊರೆ ಬಿಡುತ್ತೆ ಮೇಡಂ," ಅಂದ ಒಂದು ದಿನ. "ಆಮೇಲೇನೇ ರೇಷ್ಮೆ."

"ಅಂದ್ರೆ? ನಾನು ಹುಳಾನಾ?"

"ಅಯ್ಯೋ, ನಾನು ರೇಷ್ಮೆ ಅಂತ ಹೇಳೋಕೆ ಹೊರಟಿದ್ದು!"

ಅವಳು ನಗು ತಡೆಯಲು ರಿಜಿಸ್ಟರಿನಲ್ಲಿ ಮುಖ ಹುದುಗಿಸಿದಳು. ಮುಖ ಎತ್ತಿದಾಗ ಅವನಿನ್ನೂ ನೋಡುತ್ತಲೇ ಇದ್ದ. ಈ ಸಲ ಕಣ್ಣು ಕೆಳಗಿಳಿಯಲಿಲ್ಲ. ಅವನ ಕೂದಲಿನಿಂದ ಸಣ್ಣಗೆ ಟಾರಿನ ವಾಸನೆ ಬರುತ್ತಿತ್ತು. ಅದನ್ನೂ ಇಷ್ಟಪಡುವಷ್ಟು ಕೆಟ್ಟಿದ್ದಾಳೆ ತಾನು ಎಂದು ಅವಳಿಗೆ ಗೊತ್ತಾಯಿತು.

ಒಂದೂವರೆ ತಿಂಗಳು ಹೀಗೇ ಕಳೆಯಿತು. ಆಮೇಲೊಂದು ಬೆಳಿಗ್ಗೆ ಮುರಳಿಯ ತಾಯಿ ಆವಲಮ್ಮ ಒಂದು ಕೈಯಲ್ಲಿ ಶಾಂಪೂ ಬಾಟಲಿ, ಇನ್ನೊಂದರಲ್ಲಿ ಚೀಟಿ ಹಿಡಿದು ಲೈಬ್ರರಿಗೇ ಬಂದಳು.

"ಮೇಡಮ್ಮಾ, ಇದು ನೀನೇ ಬರ್ಕೊಟ್ಟಿದ್ದಾ? ನನ್ ಮಗ ತಲೆಗೆ ಈ ಡಾಂಬರು ಬಳ್ಕೊಂತಾನೆ. ಏಮಿರಾ ಇದು ಅಂದ್ರೆ ಬಾಯೇ ಬಿಡಲ್ಲ. ಅವ್ನ ತಲೆ ಚೊಕ್ಕಟವಾಗಿ ತೊಳ್ದಿಟ್ಟಂಗೈತೆ, ಒಂದು ಹೊಟ್ಟೂ ಇಲ್ಲ!"

"ಹೆಗಲ ಮೇಲೆ ಬಿಳಿಪುಡಿ ಇತ್ತಲ್ಲ..." ಶ್ಯಾಮಲಾ ತೊದಲಿದಳು.

ಆವಲಮ್ಮ ಪಕಪಕನೆ ನಕ್ಕಳು. "ಸುಣ್ಣ ಕಣಮ್ಮಾ ಅದು! ಹುಳ ಪೊರೆ ಬಿಡೋ ಹೊತ್ನಲ್ಲಿ ಮೇಲೆ ಸುಣ್ಣದ ಪುಡಿ ಎರಚ್ತೀವಿ. ಹುಳ ಸಾಕೋರ ಹೆಗಲೆಲ್ಲ ಹಂಗೇ ಇರೋದು."

ಶ್ಯಾಮಲಾ ಕೂಡ ನಕ್ಕಳು. ನಗಲೇಬೇಕಿತ್ತು. ಆವಲಮ್ಮ ಹೊರಟ ಮೇಲೆ ಕಪಾಟಿನ ಹಿಂದೆ ಹೋಗಿ ಅತ್ತಳು. ನಲವತ್ತು ದಿನ ತನ್ನ ಹುಣ್ಣನ್ನೆಲ್ಲ ಬಿಚ್ಚಿಟ್ಟಿದ್ದು ಏನೂ ಇಲ್ಲದವನೆದುರು. ಅವನು ಒಳಗೊಳಗೇ ಎಷ್ಟು ನಕ್ಕಿರಬೇಕು!

ಮೂರು ಗಂಟೆಗೆ ಮುರಳಿ ಬಂದ. ಅವಳ ಕಣ್ಣು ನೋಡಿದವನು ಪೇಪರ್ ಮುಟ್ಟಲಿಲ್ಲ.

"ನಿಮ್ಮಮ್ಮ ಬಂದಿದ್ರು. ನಿಮ್ಮದು ಸುಣ್ಣವಂತೆ."

"ಹೌದು."

"ಮೊದಲ ದಿನವೇ ಹೇಳೋಕೆ ಏನಾಗಿತ್ತು?"

"ಹೇಳೋಕೇ ಬಾಯಿ ತೆಗೆದೆ. ನೀವು ಅಷ್ಟೊಂದು ನಂಬಿಕೆಯಿಂದ ನೋಡ್ತಿದ್ರಿ. ಸುಣ್ಣ ಅಂದ್ರೆ ಎದ್ದು ಹೋಗ್ತೀರಿ ಅನ್ನಿಸ್ತು. ಆಮೇಲೆ ದಿನಾ ಇವತ್ತು ಹೇಳೋಣ, ಇವತ್ತು ಹೇಳೋಣ ಅಂತ... ತಪ್ಪು ನಂದೇ ಮೇಡಂ. ದೊಡ್ಡ ತಪ್ಪು."

"ಶಾಂಪೂ ನಾಟಕ ಬೇರೆ!"

"ನಾಟಕ ಅಲ್ಲ. ನೀವು ದಿನಾ ಏನು ಪಡ್ತೀರೋ ನನಗೂ ಸ್ವಲ್ಪ ಗೊತ್ತಾಗಲಿ ಅಂತ. ಡಾಕ್ಟರ್‌ಗೆ ತೋರಿಸಿ ಅಂದಿದ್ರಿ, ಅದೊಂದು ಮಾಡ್ಲಿಲ್ಲ."

"ನನ್ನ ಮೇಲೆ ಮರುಕ ಅಲ್ವಾ?"

"ಮರುಕ ಆಗಿದ್ರೆ ಎರಡು ದಿನಕ್ಕೆ ಸಾಕಾಗ್ತಿತ್ತು." ಅವನು ಒಂದು ಹೆಜ್ಜೆ ಮುಂದೆ ಬಂದ. "ಪ್ರೀತಿ ಮಾಡ್ತೀನಿ ಕಣ್ರೀ. ನೀವು ಬಯ್ದರೂ ಅಷ್ಟೇ."

ಅವಳು ಅವನನ್ನೇ ದಿಟ್ಟಿಸಿದಳು. ಮಾತು ಯಾರು ಬೇಕಾದರೂ ಆಡುತ್ತಾರೆ. ಇವನು ಕೇಳಿದ್ದಾನೆ ಅಷ್ಟೇ, ಕಂಡಿಲ್ಲ. ಕಂಡರೆ ಇವನ ಮುಖವೂ ಬದಲಾಗುತ್ತದೇನೋ. ಆದರೆ ಆಗಿಬಿಡಲಿ, ಇವತ್ತೇ ಗೊತ್ತಾಗಲಿ. ಮೂಲೆಯಲ್ಲಿ ಅಶ್ವತ್ಥಪ್ಪನೆಂಬ ಮುದುಕ ಪೇಪರ್ ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಶ್ಯಾಮಲಾ ಕ್ಲಿಪ್ ಕಿತ್ತು ತುರುಬು ಬಿಚ್ಚಿದಳು. ಕೂದಲನ್ನು ಮೇಲೆತ್ತಿ ಹಿಡಿದು, ಅವನಿಗೆ ಬೆನ್ನು ಮಾಡಿ ನಿಂತಳು. ಕತ್ತಿನ ಮೇಲಿಂದ ಕಿವಿಯ ಹಿಂದಿನವರೆಗೂ ಕೆಂಪು, ಅದರ ಮೇಲೆ ಬೆಳ್ಳಿಬಣ್ಣದ ಹಕ್ಕಳೆ. ಅದನ್ನು ಅವಳೇ ಕನ್ನಡಿಯಲ್ಲಿ ನೋಡಲು ಹೆದರುತ್ತಿದ್ದಳು.

ಅವನು ಬಗ್ಗಿ, ಒಂದು ಕಿವಿಯಿಂದ ಇನ್ನೊಂದರವರೆಗೂ ನಿಧಾನವಾಗಿ ನೋಡಿದ. ಅವಳ ಎತ್ತಿದ ಕೈಗಳು ನೋಯತೊಡಗಿದವು.

"ಬಲಗಿವಿ ಹಿಂದೆ ಲೋಷನ್ನೇ ತಾಗಿಲ್ಲ," ಅಂದ ಕೊನೆಗೆ. "ಕೈ ಎಟುಕಲ್ವಾ ನಿಮಗೆ?"

ಶ್ಯಾಮಲಾ ಏನೇನೋ ನಿರೀಕ್ಷಿಸಿದ್ದಳು, ಇದನ್ನಲ್ಲ. ಕಣ್ಣು ಮಂಜಾಯಿತು.

"ಎಟುಕುತ್ತೆ. ಕಾಣಲ್ಲ."

"ನನಗೆ ಕಾಣುತ್ತೆ."

ಅವಳು ಬ್ಯಾಗಿನಿಂದ ಲೋಷನ್ ತೆಗೆದು, ಹಿಂದಿರುಗಿ ನೋಡದೆ ಚಾಚಿದಳು. "ಎರಡೇ ಹನಿ. ಉಜ್ಜಬಾರದು."

ಬೆರಳು ತಾಗಿತು. ಆರು ವರ್ಷದಲ್ಲಿ ಡಾಕ್ಟರು, ಅಮ್ಮ ಬಿಟ್ಟರೆ ಅಲ್ಲಿ ಯಾರೂ ಮುಟ್ಟಿರಲಿಲ್ಲ. ಅವಳಿಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು.

"ಅಮ್ಮನಿಗೆ ಏನಂತ ಹೇಳಲಿ?" ಅವನು ಮೆಲ್ಲಗೆ ಕೇಳಿದ. "ನಿಮ್ಮ ವಿಷಯ ಇದುವರೆಗೂ ಒಂದಕ್ಷರ ಹೇಳಿಲ್ಲ."

"ನೀವು ಹೇಳಬೇಡಿ. ನಿಮಗೆ ಹೊತ್ತಿಗೆ ಸರಿಯಾಗಿ ನಿಜ ಹೇಳೋಕೆ ಬರಲ್ಲ." ಅವಳು ಕೂದಲನ್ನು ಕಟ್ಟದೆ ಬೆನ್ನ ಮೇಲೆ ಬಿಟ್ಟಳು. "ನಾನೇ ಹೇಳ್ತೀನಿ. ಮೊದಲು ನನ್ನ ತಲೆ ವಿಷಯ. ಆಮೇಲೆ ನಮ್ಮಿಬ್ಬರ ವಿಷಯ. ಮನೆ ಎಲ್ಲಿ ನಿಮ್ಮದು?"

ಐದಕ್ಕೆ ಲೈಬ್ರರಿಗೆ ಬೀಗ ಬಿತ್ತು. ಐದೂಕಾಲರ ಕೋಲಾರದ ಬಸ್ಸು ಎರಡು ಸಲ ಹಾರ್ನ್ ಹೊಡೆದು, ದಿನಾ ಹತ್ತುವ ಮೇಡಂ ಬರದಿದ್ದಕ್ಕೆ ಒಂದು ನಿಮಿಷ ಕಾದು, ಹೊರಟುಹೋಯಿತು.